ಮೆಣಸಿನಕಾಯಿಯೊಳಗಿನ ‘ಕಾಯ್’

ಬ್ಯಾಡಗಿ ಮೆಣಸಿನಕಾಯಿ ಎಂಬ ಹೆಸರಿನಲ್ಲಿ ಆ ಬೆಳೆಗಿಂತ ಬಹಳ ಹಳೆಯದಾದ ಕ್ರಿಯಾಧಾತುವೊಂದು ಅಡಗಿದೆ: ಕಾಯ್. ಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರ ಮೂಲಕ 16ನೆಯ ಶತಮಾನದಲ್ಲಿ ಇಲ್ಲಿಗೆ ಬಂತು. ಅದಕ್ಕೂ ಮುಂಚೆ ಮೆಣಸು ಎಂದರೆ ಮಲೆನಾಡಿನ ಕಾಳುಮೆಣಸೇ. ಹೊಸ ಖಾರಕ್ಕೆ ಕನ್ನಡಿಗರು ‘ಕಾಯಿ’ ಸೇರಿಸಿದರು. ತಮಿಳರ ‘ಮಿಳಗಾಯ್’, ತೆಲುಗರ ‘ಮಿರಪಕಾಯ’ ಕೂಡ ಹಾಗೆಯೇ ಹುಟ್ಟಿದವು.

ಬರಹವೇ ಇಲ್ಲದ ಕಾಲದ ಧಾತುವನ್ನು ಸೋದರ ಭಾಷೆಗಳ ಹೋಲಿಕೆಯಿಂದ ಕಟ್ಟಿಕೊಳ್ಳಬೇಕು. ಸಂಸ್ಕೃತದ ಭರತಿ, ಗ್ರೀಕಿನ ಫೆರೊ, ಇಂಗ್ಲಿಷಿನ ಬೇರ್ ಇವುಗಳಿಂದ ‘ಹೊರು’ ಅರ್ಥದ ಇಂಡೋ-ಯುರೋಪಿಯನ್ ಧಾತು ಸಿಕ್ಕಿದ್ದು ಹೀಗೆ. ನಮ್ಮ ‘ಭಾರ’ ಅದರ ಕುಡಿ. ದ್ರಾವಿಡ ಭಾಷೆಗಳಿಗೆ ಈ ದಾರಿ ತೆರೆದವನು 1856ರಲ್ಲಿ ಕಾಲ್ಡ್‌ವೆಲ್. ಬರೋ ಮತ್ತು ಎಮೆನೊ 1961ರಲ್ಲಿ ಅದನ್ನು ನಿಘಂಟಾಗಿಸಿದರು.

ಆ ನಿಘಂಟಿನ ಪ್ರಕಾರ ಕನ್ನಡದ ‘ಕಾಯ್’ ಒಂದಲ್ಲ, ಮೂರು: ಬಿಸಿಯಾಗುವುದು, ಫಲ ಬಿಡುವುದು, ಕಾಪಾಡುವುದು. ಕಾದ ಎಣ್ಣೆ, ಬಾಗಿಲು ಕಾದ ಆಳು ಎನ್ನುವಾಗ ಕನ್ನಡದ ಕಿವಿಗೆ ವ್ಯತ್ಯಾಸವೇ ಕೇಳದು. ತೆಲುಗಿನಲ್ಲೂ ಬಿಸಿಲು ‘ಕಾಸಿಂದಿ’, ಮರವೂ ‘ಕಾಸಿಂದಿ’. ಗುಟ್ಟು ಬಿಟ್ಟುಕೊಡುವುದು ತಮಿಳು: ಒಣಗಿದರೆ ‘ಕಾಯ್ಂದದು’, ಫಲ ಬಿಟ್ಟರೆ ‘ಕಾಯ್ತ್ತದು’, ಕಾಪಾಡಿದರೆ ‘ಕಾತ್ತದು’. ಭೂತಕಾಲದ ರೂಪಗಳಲ್ಲಿ ಈ ಸಣ್ಣ ವ್ಯತ್ಯಾಸಗಳು ಉಳಿಯದಿದ್ದರೆ ಮೂರನ್ನೂ ಒಂದೇ ಧಾತು ಎಂದು ತಪ್ಪು ತಿಳಿಯುವುದು ಸುಲಭವಿತ್ತು. ಮಲಯಾಳವೂ ಕಾಯುಕ, ಕಾಯ್ಕ್ಕುಕ, ಕಾಕ್ಕುಕ ಎಂದು ಬೇರೆಬೇರೆಯಾಗಿಯೇ ಇಟ್ಟುಕೊಂಡಿದೆ.

ಬಿಸಿಯ ಕಾಯ್ ದೂರ ಹೋದ ಧಾತು. ಛೋಟಾನಾಗಪುರದ ಕುರುಖ್ ಭಾಷೆಯಲ್ಲಿ ಮೊದಲ ಕಕಾರ ಗಂಟಲಿಗೆ ಇಳಿದು ‘ಖಾಯ್’ ಆಗಿದೆ, ಕಣ್ಣು ‘ಖನ್’ ಆದ ಹಾಗೆ. ಅರ್ಥ ಅಲ್ಲಿ ಒಣಗು. ತಮಿಳಿನಲ್ಲೂ ಬಿಸಿಲಿಗೆ ಹರವಿದ ಮೆಣಸಿನಕಾಯಿ ‘ಕಾಯುತ್ತದೆ’. ಬ್ಯಾಡಗಿ ಸೀಮೆಯ ಕಣದಲ್ಲಿ, ಕೆಂಪಗೆ ಹರವಿದ ಸುಕ್ಕುಗಟ್ಟಿದ ಕಾಯಿಗೆ, ರೈತರು ಬಳಸುವ ಮಾತು ‘ಒಣಗು’. ಕನ್ನಡ ‘ಕಾಯ್’ ಅನ್ನು ನೀರಿಗೂ ಎಣ್ಣೆಗೂ ಹೆಂಚಿಗೂ ಉಳಿಸಿಕೊಂಡಿತು.

ಫಲದ ಕಾಯ್ ಹಳಗನ್ನಡದಲ್ಲಿ ಕ್ರಿಯಾಪದವಾಗಿತ್ತು. ಈಗ ಆ ಕೆಲಸಕ್ಕೆ ‘ಬಿಡು’ ಬೇಕು: ‘ಗಿಡ ಕಾಯಿ ಬಿಟ್ಟೈತಿ’. ಹೀಗೆ ಕನ್ನಡದಲ್ಲಿ ಕ್ರಿಯೆ ಹಿಂದೆ ಸರಿದು ನಾಮಪದ ಗಟ್ಟಿಯಾಗಿ ನಿಂತಿತು. ತೆಂಗಿನಕಾಯಿ, ಬದನೆಕಾಯಿ, ಮೆಣಸಿನಕಾಯಿ ಎಲ್ಲವೂ ಅದರ ಆಸರೆಯವು.

ಬರೋ-ಎಮೆನೊ ನಿಘಂಟಿನ 1984ರ ಪರಿಷ್ಕೃತ ಆವೃತ್ತಿಯನ್ನು ಷಿಕಾಗೊ ವಿಶ್ವವಿದ್ಯಾಲಯ ಅಂತರ್ಜಾಲದಲ್ಲಿ ಉಚಿತವಾಗಿ ಇರಿಸಿದೆ. ಹೊರನಾಡಿನ ಕನ್ನಡ ಮನೆಗಳ ಮಕ್ಕಳು ಅಡುಗೆಮನೆಯ ಒಂದೊಂದೇ ಮಾತನ್ನು ಅದರಲ್ಲಿ ಹುಡುಕಿ ನೋಡಲಿ.