ಚೆಂಡಿನ ತೂತು ಮುಚ್ಚುವ ಕಸುಬು



ಎರವಲು ತಂದ ಕುಡುಗೋಲು ಕೈಗೆ ಕೂಡುವುದಿಲ್ಲವೆಂಬುದು ಹೊಲದಲ್ಲಿ ದುಡಿದ ನಿಮಗೆ ನಾನು ಹೇಳಬೇಕಾದ ಮಾತಲ್ಲ. ಬ್ಯಾಂಕಿನಲ್ಲಿ ಲೆಡ್ಜರು ಬರೆಯುತ್ತಲೇ ವಯಸ್ಸು ಕಳೆದ ನನಗೆ ಅದು ತಿಳಿದದ್ದು ತಡವಾಗಿ, ಅದೂ ಬೆಂಗಳೂರಿನಲ್ಲಿ. ಮಗಳ ಮನೆಗೆ ಹೋದಾಗ ಮೊಮ್ಮಗ ನನ್ನನ್ನು ಬೌಲಿಂಗ್ ಆಟಕ್ಕೆ ಕರೆದೊಯ್ದ. ಇದು ಕ್ರಿಕೆಟ್ಟಿನ ಬೌಲಿಂಗ್ ಅಲ್ಲ. ನುಣುಪಾದ ಹಲಗೆಯ ಹಾದಿ, 60 ಅಡಿ ಆಚೆ ಹತ್ತು ಗೂಟಗಳು. ಭಾರದ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಹಿಡಿಯುವುದಕ್ಕೆ ಚೆಂಡಿನಲ್ಲಿ ಮೂರು ತೂತು, ಎರಡು ಬೆರಳಿಗೆ, ಒಂದು ಹೆಬ್ಬೆರಳಿಗೆ. ಮೊದಲ ಚೆಂಡಿನಲ್ಲಿ ನನ್ನ ಹೆಬ್ಬೆರಳು ಸಿಕ್ಕಿಕೊಂಡಿತು. ಎರಡನೆಯದು ಸಡಿಲಾಗಿ, ಕೈ ಹಿಂದಕ್ಕೆ ಬೀಸುವಾಗಲೇ ಜಾರಿ ಬೆನ್ನ ಹಿಂದೆ ದೊಪ್ಪೆಂದು ಬಿತ್ತು. "ಅಜ್ಜ, ಇವು ಎಲ್ಲರ ಚೆಂಡು, ಅದಕ್ಕೇ ಯಾರ ಕೈಗೂ ಸರಿಯಿಲ್ಲ" ಎಂದ ಹುಡುಗ.

ಆಟದಲ್ಲಿ ಪಳಗಿದವರು ತಮ್ಮ ಕೈಯ ಅಳತೆಗೇ ತೂತು ಕೊರೆಸಿಕೊಳ್ಳುತ್ತಾರಂತೆ. ಹಾಗಿದ್ದರೆ ಆ ಚೆಂಡು ಇನ್ನೊಬ್ಬನ ಪಾಲಾದರೆ ಗತಿಯೇನು? ಹಳೆಯ ತೂತು ಮುಚ್ಚಿ ಹೊಸದು ಕೊರೆಯುತ್ತಾರೆ. ಅದಕ್ಕೆಂದೇ ಒಂದು ಕಸುಬು ಬೆಳೆದಿದೆ.

ಆಟದ ಈ ರೂಪ ಅಮೆರಿಕದ್ದು. 1895ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕನ್ ಬೌಲಿಂಗ್ ಕಾಂಗ್ರೆಸ್ ಎಂಬ ಸಂಘ ಕೂಡಿ ನಿಯಮಗಳನ್ನು ಒಂದು ಹದಕ್ಕೆ ತಂದಿತು. ಚೆಂಡಿನ ತೂಕ 16 ಪೌಂಡು ಮೀರಬಾರದು, ಅಂದರೆ ಸುಮಾರು ಏಳೂಕಾಲು ಕಿಲೋ. ಅಡ್ಡಳತೆ ಸುಮಾರು ಎಂಟೂವರೆ ಅಂಗುಲ. ಆಗ ಚೆಂಡು ಮರದ್ದು. ಲಿಗ್ನಮ್ ವೈಟೆ ಎಂಬ ಆ ಮರ ಎಷ್ಟು ಭಾರವೆಂದರೆ ನೀರಿಗೆ ಹಾಕಿದರೆ ಮುಳುಗುತ್ತದೆ. 1905ರಲ್ಲಿ ಗಟ್ಟಿ ರಬ್ಬರಿನ ಚೆಂಡು ಬಂತು. 1960ರ ದಶಕದ ಹೊತ್ತಿಗೆ ಪಾಲಿಯೆಸ್ಟರ್ ಪ್ಲಾಸ್ಟಿಕ್, 1980ರ ದಶಕದಲ್ಲಿ ಯುರೆಥೇನ್, 1990ರ ದಶಕದಲ್ಲಿ ಹಾದಿಯನ್ನು ಇನ್ನೂ ಗಟ್ಟಿಯಾಗಿ ಕಚ್ಚುವ ಹೊಸ ರಾಳದ ಚೆಂಡು. ಪ್ಲಾಸ್ಟಿಕ್ಕಿನ ಕಾಲದಿಂದ ತೂತು ಮುಚ್ಚುವುದಕ್ಕೂ ಅನುಕೂಲವಾಯಿತು. ಅದೇ ಜಾತಿಯ ರಾಳವನ್ನು ದ್ರವವಾಗಿ ಹೊಯ್ದು ಗಟ್ಟಿ ಮಾಡಬಹುದಲ್ಲ!

ಕೆಲಸ ನೋಡಿದರೆ ಸುಲಭ, ಮಾಡಿದರೆ ಗೊತ್ತು. ಮೊದಲು ಹಳೆಯ ತೂತಿನ ಗೋಡೆಯನ್ನು ಡ್ರಿಲ್ ಹಾಕಿ ಸ್ವಲ್ಪ ಹೆರೆಯಬೇಕು, ಇಲ್ಲವೆ ಉಪ್ಪುಕಾಗದದಿಂದ ಉಜ್ಜಬೇಕು. ವರ್ಷಗಟ್ಟಲೆ ಬೆರಳಿನ ಬೆವರು, ಹಾದಿಗೆ ಬಳಿದ ಎಣ್ಣೆ ಅಲ್ಲಿ ಕೂತಿರುತ್ತದೆ. ಅದು ಉಳಿದರೆ ರಾಳ ಹಿಡಿಯುವುದಿಲ್ಲ. ಆಮೇಲೆ ತೂತಿನ ಸುತ್ತ ಪಟ್ಟಿ ಅಂಟಿಸಿ, ಹೊಲಕ್ಕೆ ಬದು ಹಾಕಿದಂತೆ ಪುಟ್ಟ ಕಟ್ಟೆ ಕಟ್ಟುತ್ತಾರೆ. ರಾಳಕ್ಕೆ ಗಟ್ಟಿಯಾಗಿಸುವ ದ್ರವ ಬೆರೆಸುವುದು ಅಳತೆಯ ಕೆಲಸ. ಕಡಿಮೆಯಾದರೆ ಮೆತ್ತಗೇ ಉಳಿಯುತ್ತದೆ. ಹೆಚ್ಚಾದರೆ ತನ್ನಷ್ಟಕ್ಕೆ ತಾನೇ ಕಾದು ಬಿರುಕು ಬಿಡುತ್ತದೆ. ರಭಸದಿಂದ ಕಲಕಿದರೆ ಗಾಳಿಗುಳ್ಳೆ ಸೇರುತ್ತದೆ. ಅದಕ್ಕೇ ನಿಧಾನವಾಗಿ ಕಲಕಿ, ಎಳೆಯಂತೆ ಸಣ್ಣಗೆ ಹೊಯ್ದು, ಒಳಗೆ ತಂತಿ ಆಡಿಸಿ ಗುಳ್ಳೆ ಬಿಡಿಸುತ್ತಾರೆ. ಆರುವಾಗ ಕುಗ್ಗುವುದರಿಂದ ಅಂಚು ಮೀರಿ ಗುಬ್ಬಾಗಿ ತುಂಬಬೇಕು. ರಾತ್ರಿಯಿಡೀ ಬಿಟ್ಟು, ಮರುದಿನ ಗುಬ್ಬು ಕತ್ತರಿಸಿ, ಚೆಂಡನ್ನು ಯಂತ್ರದ ಬಟ್ಟಲಿನಲ್ಲಿ ತಿರುಗಿಸುತ್ತ ಒರಟು ಕಾಗದದಿಂದ ನಯದ ಕಾಗದದವರೆಗೆ ಉಜ್ಜುತ್ತಾರೆ. ಬಣ್ಣ ಬೆರೆಸಿ ಎಷ್ಟು ಹೊಂದಿಸಿದರೂ ಹಳೆಯ ತೂತಿನ ಜಾಗದಲ್ಲಿ ಗುಂಡನೆಯ ಗುರುತು ಉಳಿಯುವುದೇ ಹೆಚ್ಚು.

ಹೆಬ್ಬೆರಳಿಗೆ ಇನ್ನೊಂದು ಉಪಾಯವಿದೆ. ಒಂದೂಕಾಲು ಅಂಗುಲದಷ್ಟು ದಪ್ಪದ ಪ್ಲಾಸ್ಟಿಕ್ ಬೆಣೆಯನ್ನು ತೂತಿನಲ್ಲಿ ಅಂಟಿಸಿ, ಬೆಣೆಯಲ್ಲೇ ಬೆರಳಿಗೆ ಕೊರೆಯುವುದು. ಬೆರಳು ದಪ್ಪವಾದರೆ ಬೆಣೆ ಬದಲಿಸಿದರಾಯಿತು. ಗುದ್ದಲಿಗೆ ಹೊಸ ಕಾವು ಹಾಕಿದ ಹಾಗೆ.

ಇಷ್ಟಕ್ಕೇ ಮುಗಿಯಲಿಲ್ಲ. ತುಂಬಿದ ರಾಳದ ತೂಕವೂ ತೆಗೆದ ಭಾಗದ ತೂಕವೂ ಒಂದೇ ಆಗಿರಬೇಕಿಲ್ಲ. ಚೆಂಡು ಒಂದು ಮಗ್ಗುಲಿಗೆ ಭಾರವಾದೀತು. ಅದಕ್ಕೆ ವಿಶೇಷ ತಕ್ಕಡಿಯಲ್ಲಿಟ್ಟು ಮಗ್ಗುಲು ಮಗ್ಗುಲಿಗೂ ತೂಗುತ್ತಾರೆ. ಬಹುಕಾಲ ಅಮೆರಿಕದ ನಿಯಮದಲ್ಲಿ ಎಡಬಲದ ವ್ಯತ್ಯಾಸ ಒಂದು ಔನ್ಸ್, ಅಂದರೆ 28 ಗ್ರಾಂ ಮೀರುವಂತಿರಲಿಲ್ಲ. ಏಳು ಕಿಲೋ ಚೆಂಡಿಗೆ 28 ಗ್ರಾಂ! ಎರಡು ರೂಪಾಯಿ ತಾಳೆಯಾಗದೆ ರಾತ್ರಿ ಒಂಬತ್ತರವರೆಗೆ ಕೂತ ನನ್ನಂಥವನಿಗೆ ಈ ಲೆಕ್ಕ ಕೇಳಿ ಅವರ ಮೇಲೆ ಒಂದು ಬಗೆಯ ಅಕ್ಕರೆಯೇ ಹುಟ್ಟಿತು.

ವ್ಯತ್ಯಾಸ ಸರಿದೂಗಿಸಲು ಬೆರಳಿಗೆ ಸಂಬಂಧವಿಲ್ಲದ ನಾಲ್ಕನೆಯ ತೂತು ಕೊರೆಯುವ ರೂಢಿ ಬಂತು. ತೂಕ ಸರಿಮಾಡಲು ಹುಟ್ಟಿದ ಆ ತೂತನ್ನು ಜಾಣರು ಚೆಂಡು ಹೆಚ್ಚು ತಿರುಗುವಂತೆ ಮಾಡಲಿಕ್ಕೂ ಬಳಸಿಕೊಂಡರು. ಅಮೆರಿಕದ ಬೌಲಿಂಗ್ ಸಂಘಗಳು 2005ರಲ್ಲಿ ಒಂದಾಗಿ ಆದ ಸಂಸ್ಥೆ ಕೊನೆಗೆ ಕತ್ತರಿ ಹಾಕಿತು. 2020ರ ಆಗಸ್ಟ್ 1ರಿಂದ ಅದರ ಪಂದ್ಯಗಳಲ್ಲಿ ಹಿಡಿತಕ್ಕೆ ಬಳಸದ ಯಾವ ತೂತೂ ಇರಕೂಡದು. ಬದಲಿಗೆ ತೂಕದ ವ್ಯತ್ಯಾಸಕ್ಕೆ ಮೂರು ಔನ್ಸ್‌ವರೆಗೆ ರಿಯಾಯಿತಿ ಸಿಕ್ಕಿತು. ನಿನ್ನೆಯವರೆಗೆ ಕಾನೂನಿಗೆ ಸರಿಯಿದ್ದ ಚೆಂಡುಗಳು ಆ ದಿನ ತಪ್ಪಾದವು. ಹೆಬ್ಬೆರಳು ಹಾಕದೆ ಎರಡೂ ಕೈ ಕೂಡಿಸಿ ಎಸೆಯುವವರ ಚೆಂಡಿನಲ್ಲಿ ಹೆಬ್ಬೆರಳ ತೂತಿದ್ದರೆ ಅದೂ ತಪ್ಪೇ. ಹೊಸ ಚೆಂಡು ಕೊಳ್ಳುವ ಶಕ್ತಿಯಿಲ್ಲದ ಆಟಗಾರನಿಗೆ ಉಳಿದದ್ದು ಒಂದೇ ದಾರಿ, ರಾಳ ಹೊಯ್ಸಿ ಮುಚ್ಚಿಸುವುದು. ದುಡ್ಡು ಕೊಟ್ಟು ಕೊರೆಸಿದ ತೂತನ್ನು ದುಡ್ಡು ಕೊಟ್ಟೇ ಮುಚ್ಚಿಸಬೇಕಾಯಿತು. ನಿಯಮ ಬರೆದವರು ಎರಡು ವರ್ಷ ಮೊದಲೇ ಸಾರಿದ್ದರು ಎಂಬುದೂ ನಿಜ. ಆದರೂ ನನ್ನ ಮನಸ್ಸು ಆಟಗಾರನ ಕಡೆಗೇ ವಾಲುತ್ತದೆ.

ಮೊಮ್ಮಗನಿಗೆ ಈಗ ಒಂದು ಹಳೆಯ ಚೆಂಡು ಸಿಕ್ಕಿದೆ, ಯಾರೋ ದೊಡ್ಡ ಕೈಯವರದು. ತೂತು ಮುಚ್ಚಿಸಿ ತನ್ನ ಅಳತೆಗೆ ಕೊರೆಸಬೇಕೆಂದು ದುಡ್ಡು ಕೂಡಿಸುತ್ತಿದ್ದಾನೆ. ಅರ್ಧ ನಾನು ಕೊಡುತ್ತೇನೆ ಎಂದಿದ್ದೇನೆ.