ಹೆಸರಿಲ್ಲದ ರಾಜ, ಎದುರಾಳಿಯಿರುವ ಹಾಡು
ಚಿಕ್ಕೋಡಿ, ಅಥಣಿ, ರಾಯಬಾಗ ಸೀಮೆಯ ಮಕ್ಕಳಿಗೆ ಕಥೆ ಕಟ್ಟಲು ಕಲಿಸಿದ್ದು ಸಾಲಿ ಎನ್ನುವುದು ಅರ್ಧ ಮಾತು. ಹಳೆಯ ಗರಡಿಗಳು ಎರಡು: ಒಲೆಯ ಮುಂದಿನ ಅಜ್ಜಿ, ಜಾತ್ರೆಯ ಬಯಲಿನ ಗೀಗೀ ಮೇಳ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಹೇಳಿದ ಎ.ಕೆ. ರಾಮಾನುಜನ್ ಕನ್ನಡ ಜಾನಪದದಲ್ಲಿ ಗುರುತಿಸಿದ ವ್ಯತ್ಯಾಸವೊಂದು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಅಜ್ಜಿಯ ಕಥೆಯಲ್ಲಿ ‘ಒಂದೂರಾಗ ಒಬ್ಬ ರಾಜ’ ಅಷ್ಟೇ; ಅವನಿಗೆ ಹೆಸರಿಲ್ಲ, ಆ ಊರಿಗೆ ವಿಳಾಸವಿಲ್ಲ. ಬಯಲಿನ ಹಾಡುಗಾರನಿಗೆ ಹೆಸರು, ಊರು, ವಂಶ ಎಲ್ಲವೂ ಬೇಕು. ಕಟ್ಟುಕಥೆಗೂ ನಡೆದದ್ದೆಂದು ಹೇಳುವ ಕಥೆಗೂ ನಡೆ ಬೇರೆ ಎಂಬುದನ್ನು ಎರಡೂ ಕಡೆ ಕೂತ ಮಗು ಯಾರೂ ಬಿಡಿಸಿ ಹೇಳದೆಯೇ ಹಿಡಿಯಬಲ್ಲದು.

ಮೇಳದ ಪಾಠ ಇನ್ನೂ ಬಿಗಿ. ಡಪ್ಪು, ತುಂತುಣಿ, ತಾಳ; ಬೆನ್ನಿಗೆ ‘ಗೀಯ ಗೀಯ’ ಎನ್ನುವ ಹಿಮ್ಮೇಳ. ಮೇಳಗಳಲ್ಲಿ ಎರಡು ಪಕ್ಷ: ಹರದೇಶಿಯವರು ಶಿವ ಹೆಚ್ಚೆಂದರೆ ನಾಗೇಶಿಯವರು ಶಕ್ತಿಯೇ ಹೆಚ್ಚೆನ್ನುತ್ತಾರೆ. ಒಬ್ಬರು ಹಾಡಿನಲ್ಲೇ ಸವಾಲು ಹಾಕಿದರೆ ಇನ್ನೊಬ್ಬರು ಪುರಾಣದ ಆಧಾರ ಕೊಟ್ಟು ಬಿಡಿಸಬೇಕು. ಹೀಗೆ ಪಕ್ಷ ಹಿಡಿದು ಗೆಲ್ಲಲೆಂದೇ ಕಥೆ ಹೇಳುವುದು ಸುಳ್ಳಿನ ತರಬೇತಿಯಲ್ಲವೇ ಎನ್ನಬಹುದು. ಆದರೆ ಸುಳ್ಳುಗಾರ ಎದುರಾಳಿಯನ್ನು ಕರೆದು ಪಕ್ಕದಲ್ಲಿ ಕೂಡಿಸಿಕೊಳ್ಳುವುದಿಲ್ಲ. ಎಲ್ಲ ಬಾಯಿಪಾಠವೇ ಎಂಬ ಆಕ್ಷೇಪಕ್ಕೆ ತೂಕ ಹೆಚ್ಚು: ಪದಗಳು ಗುರುವಿನಿಂದ ಬಂದವು, ನಿಜ. ಆದರೂ ಆ ಗಂಟಿನಿಂದ ಈ ಸವಾಲಿಗೆ ಯಾವ ಕಥೆಯನ್ನು ತೆಗೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಗುರು ಮೊದಲೇ ಹೇಳಿಕೊಡಲಾರ. ತಪ್ಪಿದರೆ ಹಿಡಿಯಲು ಎದುರು ಮೇಳ ಅಲ್ಲೇ ಕೂತಿರುತ್ತದೆ.