ಸ್ಯಾಂಪ್ಲರ್

ಕಸೂತಿಯ ಹೊಲಿಗೆಗಳನ್ನು ಕಲಿಯಲು, ವಿನ್ಯಾಸಗಳನ್ನು ನೆನಪಿಟ್ಟುಕೊಳ್ಳಲು ಹಾಗೂ ಕೈಚಳಕ ತೋರಿಸಲು ಸಿದ್ಧಪಡಿಸುವ ಮಾದರಿ ಬಟ್ಟೆ. ಸಾಮಾನ್ಯವಾಗಿ ನಾರಗಸೆಯ ಅಥವಾ ಹತ್ತಿಯ ಬಟ್ಟೆಯ ಮೇಲೆ ರೇಷ್ಮೆ, ಹತ್ತಿ ಇಲ್ಲವೆ ಉಣ್ಣೆಯ ದಾರದಿಂದ ಹೊಲಿಯುತ್ತಾರೆ. ಮೊದಲು ಇದು ನುರಿತವರ ಟಿಪ್ಪಣಿ ಪುಸ್ತಕವಾಗಿತ್ತು. ಮಕ್ಕಳ ಪಾಠವಾದದ್ದು ಆಮೇಲೆ.

ಆರಂಭ: ಈಜಿಪ್ಟಿನ ಮಾಮ್ಲೂಕ್ ಕಾಲದ ಮಾದರಿ ಬಟ್ಟೆಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿ ಉಳಿದಿವೆ. ಇಂಗ್ಲೆಂಡಿನಲ್ಲಿ ಏಳನೆಯ ಹೆನ್ರಿಯ ರಾಣಿ ಯಾರ್ಕಿನ ಎಲಿಜಬೆತ್‌ಳ 1502ರ ಖರ್ಚಿನ ಲೆಕ್ಕದಲ್ಲಿ ಸ್ಯಾಂಪ್ಲರಿಗಾಗಿ ಬಟ್ಟೆ ಕೊಂಡ ದಾಖಲೆಯಿದೆ. ಅಚ್ಚಾದ ವಿನ್ಯಾಸ ಪುಸ್ತಕಗಳು ಆಗಿನ್ನೂ ಬಂದಿರಲಿಲ್ಲ. ಬೇರೆಯವರ ಬಟ್ಟೆಯಲ್ಲಿ ಕಂಡ ಒಳ್ಳೆಯ ಬಳ್ಳಿಯನ್ನೋ ಅಂಚನ್ನೋ ತುಂಡು ಬಟ್ಟೆಯ ಮೇಲೆ ಹೊಲಿದಿಟ್ಟುಕೊಳ್ಳುತ್ತಿದ್ದರು. ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಯೋಹಾನ್ ಷೋನ್ಸ್‌ಪರ್ಗರ್ 1520ರ ದಶಕದಲ್ಲಿ ವಿನ್ಯಾಸ ಪುಸ್ತಕ ಅಚ್ಚು ಹಾಕಿದ. ಇಂಥ ಪುಸ್ತಕಗಳು ಹೆಚ್ಚಿದಂತೆ ಸ್ಯಾಂಪ್ಲರಿನ ಈ ಉಪಯೋಗ ಕ್ರಮೇಣ ಕಡಿಮೆಯಾಯಿತು.

ತಾರೀಖು ಹೊಲಿದ ಬ್ರಿಟಿಷ್ ಸ್ಯಾಂಪ್ಲರುಗಳಲ್ಲಿ ಈವರೆಗೆ ತಿಳಿದಿರುವ ಅತಿ ಹಳೆಯದು 1598ರಲ್ಲಿ ಜೇನ್ ಬೊಸ್ಟಾಕ್ ಮಾಡಿದ್ದು. ಆಲಿಸ್ ಲೀ ಎಂಬ ಮಗು 1596ರಲ್ಲಿ ಹುಟ್ಟಿದ ವಿವರ ಅದರಲ್ಲಿದೆ. ಹಿಂಹೊಲಿಗೆ, ಚೈನ್, ಸ್ಯಾಟಿನ್, ಕಾಜಾ ಹೊಲಿಗೆ, ಫ್ರೆಂಚ್ ನಾಟ್ ಮುಂತಾಗಿ ಇಂದಿಗೂ ಹೊಸಬರು ಕಲಿಯುವ ಹೊಲಿಗೆಗಳೇ ಅದರಲ್ಲಿವೆ. ಲಂಡನ್ನಿನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಅದನ್ನು ಇರಿಸಲಾಗಿದೆ.

ಶಾಲೆಯ ಪಾಠ: 17ನೇ ಶತಮಾನದ ಸ್ಯಾಂಪ್ಲರುಗಳು ಉದ್ದವಾಗಿ, ಕಿರಿದಾಗಿ, ಸಾಲುಸಾಲು ಪಟ್ಟಿಗಳಿಂದ ತುಂಬಿರುತ್ತಿದ್ದವು, ಸುತ್ತಿಡಲು ಅನುಕೂಲವಾಗಿದ್ದವು. 18ನೇ ಶತಮಾನದಲ್ಲಿ ಅವು ಚೌಕಾಕಾರ ತಾಳಿ ಗೋಡೆಯ ಚೌಕಟ್ಟು ಸೇರಿದವು. ಅಕ್ಷರಮಾಲೆ, ಅಂಕಿಗಳು, ನೀತಿಪದ್ಯ, ಮನೆ, ಮರ, ಕೊನೆಗೆ ಹುಡುಗಿಯ ಹೆಸರು ಮತ್ತು ವಯಸ್ಸು ಇವುಗಳ ಸಾಮಾನ್ಯ ವಸ್ತು. ಹೊಲಿಗೆಯ ವೈವಿಧ್ಯ ಕುಗ್ಗಿ ಕ್ರಾಸ್ ಸ್ಟಿಚ್ ಮುಖ್ಯವಾಯಿತು. ಇದಕ್ಕೆ ಕಾರಣ ಬದುಕಿನ ಅಗತ್ಯ: ಹಾಸಿಗೆ ಬಟ್ಟೆ, ಒಳಉಡುಪುಗಳ ಮೇಲೆ ಒಡೆಯರ ಹೆಸರಿನ ಅಕ್ಷರ ಮತ್ತು ಸಂಖ್ಯೆಯನ್ನು ಹೊಲಿಯಬಲ್ಲ ಹುಡುಗಿಗೆ ಮನೆಗೆಲಸ ಸಿಗುವುದು ಸುಲಭವಾಗಿತ್ತು. ಬ್ರಿಸ್ಟಲ್‌ನ ಜಾರ್ಜ್ ಮ್ಯುಲ್ಲರ್ ಅನಾಥಾಲಯದ ಬಾಲಕಿಯರ ಸ್ಯಾಂಪ್ಲರುಗಳಲ್ಲಿ ಕೆಂಪು ದಾರದ ಸಣ್ಣ ಅಕ್ಷರಗಳು ಕಿಕ್ಕಿರಿದಿವೆ.

ಈ ಕಟ್ಟುಪಾಡನ್ನು ಮೀರಿದ್ದು ಸಸೆಕ್ಸಿನ ಎಲಿಜಬೆತ್ ಪಾರ್ಕರ್ ಸುಮಾರು 1830ರಲ್ಲಿ ಹೊಲಿದ ಬಟ್ಟೆ. ಅದರಲ್ಲಿ ಚಿತ್ರವಿಲ್ಲ, ಅಂಚಿಲ್ಲ. ಮನೆಗೆಲಸದವಳಾಗಿ ತಾನು ಅನುಭವಿಸಿದ ಹಿಂಸೆಯನ್ನೂ ಸಾಯಬೇಕೆನಿಸಿದ ಮನಸ್ಥಿತಿಯನ್ನೂ ಆಕೆ ಕೆಂಪು ಕ್ರಾಸ್ ಸ್ಟಿಚ್‌ನಲ್ಲಿ ಬರೆದಿದ್ದಾಳೆ. ಬರಹ ವಾಕ್ಯದ ನಡುವೆಯೇ ನಿಲ್ಲುತ್ತದೆ. ಮುಂದೆ ಆಕೆ ಶಾಲಾ ಶಿಕ್ಷಕಿಯಾದಳು.

ಪುಸ್ತಕದ ಕಾಲ: 19ನೇ ಶತಮಾನದಲ್ಲಿ ಬಣ್ಣದ ಚೌಕುಳಿ ನಕ್ಷೆ ನೋಡಿ ಉಣ್ಣೆ ಹೊಲಿಯುವ ಬರ್ಲಿನ್ ಕೆಲಸ ಜನಪ್ರಿಯವಾಯಿತು. 1886ರಲ್ಲಿ ಟೆರೆಸ್ ದ ದಿಲ್ಮೋಂ ಪ್ರಕಟಿಸಿದ ಸೂಜಿಕೆಲಸದ ವಿಶ್ವಕೋಶ ಸಾದಾ ಹೊಲಿಗೆಯಿಂದ ಲೇಸಿನವರೆಗಿನ ಪಾಠವನ್ನು ಚಿತ್ರಸಹಿತ ಕೊಟ್ಟಿತು. ಗುರುವಿಲ್ಲದೆ ಕಲಿಯುವವರಿಗೂ ಇದರಿಂದ ದಾರಿಯಾಯಿತು.

ಕರ್ನಾಟಕದ ಕಸೂತಿ: ಧಾರವಾಡ ಸೀಮೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತೆ ಎಂಬ ನಾಲ್ಕು ಹೊಲಿಗೆಗಳಿವೆ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳದೆ ಎಳೆ ಎಣಿಸಿ ಹೊಲಿಯುವುದು ಇದರ ಕ್ರಮ. ಗವಂತಿಯಲ್ಲಿ ಒಂದು ಸಲ ರನ್ನಿಂಗ್ ಸ್ಟಿಚ್ ಹಾಕಿಕೊಂಡು ಹೋಗಿ, ಮರಳಿ ಬರುವಾಗ ಬಿಟ್ಟ ಜಾಗ ತುಂಬುತ್ತಾರೆ. ಎರಡೂ ಬದಿ ಒಂದೇ ರೀತಿ ಕಾಣುತ್ತದೆ. ಇದೇ ಹೊಲಿಗೆಗೆ ಯುರೋಪಿನಲ್ಲಿ ಚಿತ್ರಕಾರ ಹಾನ್ಸ್ ಹೋಲ್ಬೈನ್‌ನ ಹೆಸರಿದೆ. ಅವನ ಭಾವಚಿತ್ರಗಳ ಕೊರಳಪಟ್ಟಿ, ತೋಳಂಚುಗಳಲ್ಲಿ ಅದು ಕಾಣುತ್ತದೆ. ಹೊಲಿಗೆ ತರಗತಿಗಳ ವಿದ್ಯಾರ್ಥಿಗಳು ಒಂದೊಂದು ಹೊಲಿಗೆಯನ್ನೂ ತುಂಡು ಬಟ್ಟೆಯಲ್ಲಿ ಹಾಕಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸುವ ರೂಢಿ ಸ್ಯಾಂಪ್ಲರಿನ ಇಂದಿನ ರೂಪ.